ಗಡಿಯಲ್ಲಿ ಬಿಚ್ಚಿದ ಉಡಿ

ನಾನು ಪರದೇಶಕ್ಕೆ ಹೋಗಿ ಬಂದವಳು ಎಂದರೆ ನಮ್ಮ ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದು ಒಳ್ಳೆಯ ಗುಣವೇ. ಅವರ ಜಾಗದಲ್ಲಿ ನಾನಿದ್ದರೂ ಮೊದಲು ಪುರಾವೆ ಕೇಳುತ್ತಿದ್ದೆ. ಆ ಪುರಾವೆ ಮೊನ್ನೆ ತಾನಾಗಿಯೇ ಸಿಕ್ಕಿತು. ಅವ್ವ ಕೌದಿ ಹೊಲಿಯುವುದಕ್ಕೆಂದು ಟ್ರಂಕು ತೆಗೆದು, ಹಳೆಯ ಅರಿವೆಗಳನ್ನೆಲ್ಲ ಪಡಸಾಲೆಯ ತುಂಬ ಹರವಿಕೊಂಡು ಕೂತಿದ್ದಳು. ಅವುಗಳ ನಡುವೆ ಮೆಣಸಿನಕಾಯಿ ಬಣ್ಣದ ಒಂದು ಖಣ. ಅದರ ಅಂಚಿನ ಮೇಲೆ ನೀಲಿ ಪೆನ್ಸಿಲ್ಲಿನಿಂದ ಎಳೆದ ಒಂದು ಅಡ್ಡಗೀಟು. ಮಸಿ ಹತ್ತಿದೆ, ಕೌದಿಯ ಒಳಮಗ್ಗಲಿಗೆ ಹಾಕಿದರಾಯಿತು ಎಂದು ಅವ್ವ ಕತ್ತರಿ ಎತ್ತಿದಳು. ನಾನು ಕಸಿದುಕೊಂಡೆ. ಅದು ಮಸಿಯಲ್ಲ, ಇನ್ನೊಂದು ದೇಶದ ಬಾಗಿಲಲ್ಲಿ ಒಬ್ಬ ಅಧಿಕಾರಿ ಹಾಕಿದ ಗುರುತು ಎಂದು ಎಷ್ಟು ವಾದಿಸಿದರೂ ಅವ್ವನ ಮಟ್ಟಿಗೆ ಅದು ಮಸಿಯೇ.

ಖಣ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ದೂರದವರಿಗಾಗಿ ಹೇಳುತ್ತೇನೆ. ಒಂದು ಕುಪ್ಪಸಕ್ಕೆ ಸಾಲುವಷ್ಟು ಅರಿವೆ, ಅದಕ್ಕೊಂದು ಅಂಚು, ಮೈ ತುಂಬ ಸಣ್ಣ ಸಣ್ಣ ಹೂವು. ಕುಪ್ಪಸಕ್ಕೆಂದೇ ನೇಯ್ದದ್ದು ಹೌದು. ಆದರೆ ಕೈಗೆ ಬಂದ ಖಣವನ್ನು ಸಿಂಪಿಗನ ಅಂಗಡಿಗೆ ಒಯ್ದವರನ್ನು ನಾನು ಕಂಡದ್ದು ಕಡಿಮೆ. ಅದರ ನಿಜವಾದ ಉದ್ಯೋಗ ತಿರುಗಾಟ. ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಅವಳ ಸೆರಗನ್ನು ಮಡಿಲಿನಂತೆ ಹಿಡಿಸಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು ಹಾಕಿ, ಮೇಲೊಂದು ಖಣ ಇಡುತ್ತಾರೆ. ಇದಕ್ಕೆ ಉಡಿ ತುಂಬುವುದು ಎನ್ನುತ್ತೇವೆ. ಆ ಖಣ ಅವಳ ಮನೆ ಮುಟ್ಟಿ, ಕೆಲವು ದಿನ ಟ್ರಂಕಿನಲ್ಲಿ ವಿಶ್ರಾಂತಿ ಪಡೆದು, ಇನ್ನೊಬ್ಬಳ ಉಡಿಯಲ್ಲಿ ಕೂತು ಮತ್ತೆ ಪ್ರಯಾಣ ಬೆಳೆಸುತ್ತದೆ.

ಎಂಟನೇ ಇಯತ್ತೆಯಲ್ಲಿದ್ದಾಗ ನಾನು ಇದನ್ನು ಶಾಸ್ತ್ರೀಯವಾಗಿ ಸಾಬೀತುಪಡಿಸಲು ಹೊರಟೆ. ನಮ್ಮ ಲಕ್ಷ್ಮೇಶ್ವರದ ಮನೆಯಿಂದ ಹೊರಡಲಿದ್ದ ಒಂದು ಹಸಿರು ಖಣದ ಮೂಲೆಗೆ ಯಾರಿಗೂ ಕಾಣದಂತೆ ಕರಿ ದಾರದ ಒಂದು ಹೊಲಿಗೆ ಹಾಕಿಬಿಟ್ಟೆ. ಅದು ಮುಂಡರಗಿಯ ಚಿಗವ್ವನ ಜೊತೆ ಹೋಯಿತು. ಅಲ್ಲಿಂದ ಮುಂದೆ ಅದು ಯಾವ ಯಾವ ಊರಿನ ನೀರು ಕುಡಿಯಿತೋ ನನಗೆ ಗೊತ್ತಿಲ್ಲ. ದೀಪಾವಳಿಗೆ ಹೋದದ್ದು ಕಾರಹುಣ್ಣಿಮೆಯ ಹೊತ್ತಿಗೆ, ಶಿರಹಟ್ಟಿಯ ಒಂದು ಮದುವೆಯಲ್ಲಿ, ಕರಿ ದಾರದ ಸಮೇತ ನಮ್ಮವ್ವನ ಉಡಿಗೇ ಬಂದು ಬಿದ್ದಿತು. ನಾನು ಗೆದ್ದ ಹುರುಪಿನಲ್ಲಿ ಮನೆಮಂದಿಗೆಲ್ಲ ಅದನ್ನು ತೋರಿಸುತ್ತ ಓಡಾಡಿದೆ. ಯಾರೂ ಉಟ್ಟಿಲ್ಲ, ಯಾರೂ ತೊಟ್ಟಿಲ್ಲ, ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳಿದೆ. ಅವ್ವ ಖಣವನ್ನು ತಿರುಗಿಸಿ ಮುರುಗಿಸಿ ನೋಡಿ, “ಸುಖರೂಪ ಬಂತಲ್ಲ, ಇನ್ನೇನ ಬೇಕ?” ಅಂದಳು.

ಇದೇ ಖಣದ ಕಥೆ ಹೇಳಿ ನಾನು ತಾಲೂಕಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದೆ. ವಿಷಯ, ಸಂಪ್ರದಾಯಗಳು ಪ್ರಗತಿಗೆ ಅಡ್ಡಿ. ಚೀಟಿ ಎತ್ತಿದಾಗ ನನಗೆ ‘ಪರ’ ಬಂದಿತ್ತು. ವಿರೋಧದ ಚೀಟಿ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಅದನ್ನು ಆಮೇಲೆ ಗಡಿಯಲ್ಲಿ ನಿಂತು ಮಾಡಬೇಕಾಯಿತು. ಅದನ್ನೇ ಹೇಳಲು ಹೊರಟಿದ್ದೇನೆ, ಸ್ವಲ್ಪ ತಾಳಿಕೊಳ್ಳಿ.

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು ಪಾರ್ವತಿ ಅಕ್ಕೋರು. ಶಿಕ್ಷಕಿಯರನ್ನು ನಾವು ಅಕ್ಕೋರು ಎಂದೇ ಕರೆಯುವುದು. ಹುಲಕೋಟಿಯ ಸೊಸೆ, ಹಣೆ ತುಂಬ ಕುಂಕುಮ, ದೊಡ್ಡ ದನಿ, ಸಣ್ಣ ದೇಹ. ಹಿಮಾಲಯದ ಹಿಮನದಿಗಳನ್ನು ಅವರು ಈಗಷ್ಟೇ ಇಳಿದು ಬಂದವರ ಹಾಗೆ ವರ್ಣಿಸುತ್ತಿದ್ದರು. ಒಮ್ಮೆ ನಾನು ಎದ್ದು ನಿಂತು, ನೀವು ಎಲ್ಲಿಯವರೆಗೆ ಹೋಗಿದ್ದೀರಿ ಎಂದು ಕೇಳಿದೆ. ಸೊಲ್ಲಾಪುರ ಎಂದರು. ಕ್ಲಾಸು ನಕ್ಕಿತು. ಅಕ್ಕೋರು ನಗಲಿಲ್ಲ. ಆ ವರ್ಷವೇ ಅವರ ತಲೆಯಲ್ಲಿ ನೇಪಾಳ ಹೊಕ್ಕದ್ದು ನನ್ನ ಪ್ರಶ್ನೆಯಿಂದಲೇ ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಅವರು ಒಪ್ಪುವುದಿಲ್ಲ.

ಪಾಸ್‌ಪೋರ್ಟು ಬೇಡ, ವಿಮಾನ ಬೇಡ, ರೈಲಿನಲ್ಲಿ ಹೋಗಿ ಒಂದು ಗೇಟು ದಾಟಿದರೆ ಪರದೇಶ. ಅಕ್ಕೋರ ಈ ಲೆಕ್ಕಾಚಾರಕ್ಕೆ ಶಾಲೆಯ ಆಡಳಿತ ಮಂಡಳಿಯ ಹಿರಿಯರು ತಲೆ ಅಲ್ಲಾಡಿಸಿದರು. ಹೆಣ್ಣುಮಕ್ಕಳ ಶಾಲೆ, ಹಂಪಿ ತೋರಿಸಿಕೊಂಡು ಬನ್ನಿ ಸಾಕು ಎಂದರು. ಅಕ್ಕೋರು ಮನೆಮನೆಗೆ ಹೋದರು. ನಮ್ಮಪ್ಪ ಶಿರಹಟ್ಟಿಯ ಕಚೇರಿಯಲ್ಲಿ ಗುಮಾಸ್ತ, ಅವನು ಎರಡು ಮಾತಿಗೆ ಒಪ್ಪಿದ. ನನ್ನ ಗೆಳತಿ ಗಿರಿಜಾಳ ಅಪ್ಪ ಶಿಗ್ಲಿಯ ಒಕ್ಕಲಿಗ, ಅವನನ್ನು ಒಪ್ಪಿಸಲು ಅಕ್ಕೋರು ಅವನ ಉಳ್ಳಾಗಡ್ಡಿ ಹೊಲದ ಬದುವಿನ ಮೇಲೆ ಅರ್ಧ ದಿನ ಕೂತರಂತೆ. ಕೊನೆಗೆ ಹಿರಿಯರು ಹೂಂ ಎಂದರು, ಒಂದು ಕರಾರಿನ ಮೇಲೆ. ಯಾವ ತಾಯಿಯಾದರೂ ಕಣ್ಣೀರು ಹಾಕಿಕೊಂಡು ತಮ್ಮ ಕಟ್ಟೆಗೆ ಬಂದರೆ, ನಮ್ಮ ಶಾಲೆಯ ಹುಡುಗಿಯರು ಊರ ಹೊರಗೆ ಹೋಗುವುದು ಅಲ್ಲಿಗೆ ಮುಗಿಯಿತು. ನನ್ನ ತಂಗಿ ಸುಮಾ ಎಂಟನೆಯದರಲ್ಲಿದ್ದಳು. ಬರುವ ವರ್ಷ ಅವರ ಪಾಳಿ. ಅವರ ಕ್ಲಾಸಿನವರೆಲ್ಲ ನಮ್ಮನ್ನು ತಮ್ಮ ಜೀವ ಕೈಯಲ್ಲಿ ಹಿಡಿದುಕೊಂಡವರ ಹಾಗೆ ನೋಡುತ್ತಿದ್ದರು.

ಇನ್ನು ಉಡಿಯ ಪ್ರಶ್ನೆ. ಉಡಿ ತುಂಬುವುದು ಮದುವೆಯಾದವರಿಗೆ. ನಾವು ಎರಡು ಜಡೆ ಹಾಕಿಕೊಂಡ ಒಂಬತ್ತನೇ ಇಯತ್ತೆಯವರು. ಆದರೆ ನಮ್ಮಜ್ಜಿ ಹೊಸದೊಂದು ತೀರ್ಪು ಕೊಟ್ಟಳು. ಲಗ್ನವಾಗಿ ಹುಬ್ಬಳ್ಳಿಗೆ ಹೋಗುವವಳಿಗೇ ಉಡಿ ತುಂಬುವಾಗ, ಹುಬ್ಬಳ್ಳಿಗಿಂತ ದೂರ ಹೋಗುವವಳನ್ನು ಬರಿ ಉಡಿಯಲ್ಲಿ ಕಳಿಸುವುದು ಹೇಗೆ? ನಾನು ಸ್ಪರ್ಧೆಯಲ್ಲಿ ಗೆದ್ದ ವಾದವನ್ನೆಲ್ಲ ಮತ್ತೆ ಹರವಿದೆ. ಹೋಗುವವಳಿಗೆ ಟಿಕೆಟ್ಟು ಬೇಕು, ಕೊಬ್ಬರಿ ಬಟ್ಟಲು ಯಾಕೆ ಎಂದೆ.

“ಉಡಿ ತುಂಬೂದು ಹೋಗಾಕಲ್ಲವಾ, ಹೊಳ್ಳಿ ಬರಾಕ,” ಅಂದಳು ಅಜ್ಜಿ.

ಅದಕ್ಕೆ ಆಧಾರವೇನು ಎಂದು ಕೇಳಿದೆ. ಅಜ್ಜಿ ಉತ್ತರ ಕೊಡದೆ ಅಕ್ಕಿ ತರಲು ಒಳಗೆ ಹೋದಳು. ಉತ್ತರ ಕೊಡದೆ ಒಳಗೆ ಹೋಗುವವರ ಜೊತೆ ವಾದಿಸುವುದು ಹೇಗೆಂದು ನನಗೆ ಯಾವ ಸ್ಪರ್ಧೆಯಲ್ಲೂ ಕಲಿಸಿಲ್ಲ.

ಅಜ್ಜಿಯ ತೀರ್ಪು ಓಣಿಯಿಂದ ಓಣಿಗೆ ಹಬ್ಬಿತು. ಒಬ್ಬಳಿಗೆ ತುಂಬಿದರೆ ಇನ್ನೊಬ್ಬಳ ತಾಯಿ ಸುಮ್ಮನಿರುತ್ತಾಳೆಯೇ? ದೊಡ್ಡವ್ವ, ಚಿಗವ್ವ, ಅತ್ತಿ, ನೆರೆಮನೆಯಾಕಿ, ಎಲ್ಲರೂ ಕರೆದು ಕರೆದು ಉಡಿ ತುಂಬಿದರು. ಅದಕ್ಕೊಂದು ಕಟ್ಟಳೆ ಬೇರೆ. ತುಂಬಿದ ಉಡಿಯನ್ನು ದಾರಿಯಲ್ಲಿ ಎಲ್ಲೂ ಬಿಡುವಂತಿಲ್ಲ. ಅಕ್ಕಿಯನ್ನು ಮುಟ್ಟಿದ ಊರಿನಲ್ಲಿ ಬೇಯಿಸಿ ಉಣ್ಣಬೇಕು. ಖಣ ನಮ್ಮೊಂದಿಗೇ ಮನೆಗೆ ಬರಬೇಕು. ಹೀಗಾಗಿ ಗದಗಿನ ಸ್ಟೇಷನ್ನಿನಲ್ಲಿ ನಾವು ರೈಲು ಹತ್ತಿದಾಗ ಪ್ರತಿಯೊಬ್ಬಳ ಕೈಯಲ್ಲಿ ಟ್ರಂಕಿನ ಜೊತೆ ಒಂದು ಗಂಟೂ ಇತ್ತು. ನಮ್ಮಜ್ಜಿ ನನ್ನ ಗಂಟನ್ನು ಮೆಣಸಿನಕಾಯಿ ಬಣ್ಣದ ಒಂದು ಖಣದಲ್ಲೇ ಬಿಗಿದು ಕಟ್ಟಿದ್ದಳು. ನಾನು ಅದನ್ನು ಟ್ರಂಕಿನ ಹಿಂದೆ ಮರೆಮಾಡಿ ಕೂತೆ. ವಿಚಾರವಾದಿಗೂ ಮರ್ಯಾದೆ ಎಂಬುದು ಇರುತ್ತದೆ.

ರೈಲು ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗದಗಿನ ಸಣ್ಣ ಹಳಿಯ ಗಾಡಿಯಲ್ಲಿ ಸೊಲ್ಲಾಪುರ, ಅಲ್ಲಿಂದ ದೊಡ್ಡ ಹಳಿಯ ದೊಡ್ಡ ಗಾಡಿಗಳು, ಇಳಿದದ್ದು ಹತ್ತಿದ್ದು ಇಳಿದದ್ದು. ಕಟಕ ರೊಟ್ಟಿಯ ಡಬ್ಬಿಗಳು ಪುಡಿಯ ಡಬ್ಬಿಗಳಾದವು. ಗಿರಿಜಾ ಕಿಟಕಿಯ ಪಕ್ಕ ಕೂತು, ಹೊರಗೆ ಕಂಡ ಎಲ್ಲ ಹೊಲಗಳನ್ನೂ ಶಿಗ್ಲಿಯ ಹೊಲಕ್ಕೆ ಹೋಲಿಸಿ ನಪಾಸು ಮಾಡುತ್ತಿದ್ದಳು. ಕೊನೆಯ ಗಾಡಿ ಮತ್ತೆ ಸಣ್ಣ ಹಳಿಯದು. ಕಣ್ಣು ಮುಚ್ಚಿದರೆ ನಮ್ಮ ಹೊಳೆಆಲೂರ ಗಾಡಿಯೇ ಅನ್ನಬೇಕು, ಅದೇ ಕುಲುಕು, ಅದೇ ಕೂಗು. ಬೆಳಗಿನ ಹೊತ್ತು ರಕ್ಸೌಲ್ ಎಂಬ ಗಡಿಯ ಊರಲ್ಲಿ ಇಳಿದಾಗ ಹುಡುಗಿಯರೆಲ್ಲ ಬೂದು ಬಣ್ಣದವರಾಗಿದ್ದರು. ನಮ್ಮ ಜೊತೆಗೆ ಬಂದಿದ್ದ ಡ್ರಿಲ್ ಮಾಸ್ತರು ಸೀಟಿ ಊದಿ ಸಾಲಾಗಿ ನಿಲ್ಲಿಸಿದರು. ಅವರು ಬೆಟಗೇರಿಯವರು, ನೇಕಾರರ ಮನೆತನ. ಸೀಟಿಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿದವರು.

ದೇಶದ ಗಡಿ ಎಂದರೆ ನಕಾಶೆಯಲ್ಲಿ ದಪ್ಪ ಗೀಟು ಇರುತ್ತದೆ. ನೆಲದ ಮೇಲೂ ಏನಾದರೂ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಆ ಕಡೆ ಬೀರ್‌ಗಂಜ್, ಈ ಕಡೆ ರಕ್ಸೌಲ್, ನಡುವೆ ಒಂದು ಹಳ್ಳ, ಹಳ್ಳಕ್ಕೆ ಸೇತುವೆ. ಥೇಟು ಗದಗು ಬೆಟಗೇರಿ ಇದ್ದ ಹಾಗೆ. ಎಲ್ಲಿ ಒಂದು ಮುಗಿದು ಇನ್ನೊಂದು ಸುರುವಾಯಿತು ಎಂದು ನಾವು ಹತ್ತಿದ ಟಾಂಗಾದವನಿಗೂ ಗೊತ್ತಿಲ್ಲ, ಕುದುರೆಗೂ ಗೊತ್ತಿಲ್ಲ. ಸೇತುವೆ ದಾಟುತ್ತಲೇ ಮಾಸ್ತರು ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದರು. ಈ ದೇಶದ ಹೊತ್ತೇ ಬೇರೆ ಎಂದರು. ಇದೇ ಸೂರ್ಯ, ಇದೇ ಟಾಂಗಾ, ಸೇತುವೆಯ ಆ ತುದಿಯಿಂದ ಈ ತುದಿಗೆ ಬರುವುದರೊಳಗೆ ನನ್ನ ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ನಾನು ಜಗಳ ತೆಗೆದೆ. ಹೊಳ್ಳಿ ಬರುವಾಗ ಕೊಡುತ್ತಾರೆ, ಸುಮ್ಮನೆ ಕೂಡು ಎಂದು ಅಕ್ಕೋರು ಗದರಿದರು. ಪರದೇಶದಲ್ಲಿ ನನ್ನ ಮೊದಲ ಕ್ಷಣಗಳು ಹೀಗೆ ಕಳೆದವು.

ಮುಂದೆ ತಗಡಿನ ಮಾಡಿನ ಕೆಳಗೆ ಸಾಮಾನು ತಪಾಸಣೆ. ಉದ್ದನೆಯ ಮೇಜಿನ ಹಿಂದೆ ಕನ್ನಡಕದ ಒಬ್ಬ ಹಿರಿಯ ಅಧಿಕಾರಿ, ಕೈಯಲ್ಲಿ ನೀಲಿ ಪೆನ್ಸಿಲ್ಲು. ಬಹಳ ಸೌಜನ್ಯದ ಮನುಷ್ಯ. ಶಾಲೆಯ ಮಕ್ಕಳೋ, ಬನ್ನಿ ಬನ್ನಿ ಎಂದೇ ಸುರು ಮಾಡಿದರು. ಮೊದಲ ಗಂಟು ಬಿಚ್ಚಿದರು. ಅಕ್ಕಿ, ಕೊಬ್ಬರಿ, ನಾಲ್ಕಾರು ಹೊಸ ಅರಿವೆಯ ತುಂಡು. ನಕ್ಕು ಪಕ್ಕಕ್ಕಿಟ್ಟರು. ಎರಡನೆಯದು ಬಿಚ್ಚಿದರು, ಅದೂ ಹಾಗೆ. ಮೂರನೆಯದಕ್ಕೆ ನಗು ನಿಂತಿತು. ಮುಂದಿನ ಗಂಟುಗಳನ್ನು ಬಿಚ್ಚಿದಂತೆ ಮೇಜಿನ ಮೇಲೆ ಹಸಿರು, ಹಳದಿ, ನೇರಳೆ, ಕೆಂಪು ಖಣಗಳ ಗುಡ್ಡ ಏಳತೊಡಗಿತು. ಮಡಿಕೆ ಬಿಚ್ಚಿರದ, ಯಾರೂ ತೊಟ್ಟಿರದ, ಒಂದಕ್ಕಿಂತ ಒಂದು ಚೆಂದದ ಹೊಸ ಅರಿವೆ. ಅವರ ಜಾಗದಲ್ಲಿ ನಿಂತು ನೋಡಿ. ನೀವಾದರೂ ಏನು ತಿಳಿಯುತ್ತಿದ್ದಿರಿ?

ಇಲ್ಲಿ ನಮ್ಮ ಮಾಸ್ತರು ಸಹಾಯಕ್ಕೆ ಬಂದರು. ಅವರು ನೇಕಾರರ ಮನೆಯ ಮಗ ಎಂದೆನಲ್ಲ. ಅಧಿಕಾರಿ ಒಂದು ಖಣವನ್ನು ಬೆಳಕಿಗೆ ಹಿಡಿದು ನೋಡಿದ್ದೇ ತಡ, ಮಾಸ್ತರ ಎದೆ ಉಬ್ಬಿತು. ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಆ ಅಂಚಿನ ಹೆಸರು ಹೇಳಿದರು, ಬಣ್ಣ ಹೇಗೆ ಕೂಡಿಸುತ್ತಾರೆ ಎಂದು ಹೇಳಿದರು, ಎಷ್ಟು ಸಲ ಒಗೆದರೂ ಹೋಗುವುದಿಲ್ಲ ಎಂದು ಮುಂಗೈ ತಟ್ಟಿದರು, ನಮ್ಮ ಬೆಟಗೇರಿಯ ಪೇಟೆಯಲ್ಲಿ ಇದಕ್ಕೆ ಎಷ್ಟು ಗಿರಾಕಿ ಎಂದು ವಿವರಿಸಿದರು. ಮುಗಿಯುವ ಹೊತ್ತಿಗೆ ಅಧಿಕಾರಿಗೆ ಯಾವ ಸಂಶಯವೂ ಉಳಿದಿರಲಿಲ್ಲ. ಹುಡುಗಿಯರ ಸಾಲೊಂದನ್ನು ಮುಂದೆ ನಿಲ್ಲಿಸಿಕೊಂಡು ಒಬ್ಬ ಅರಿವೆ ವ್ಯಾಪಾರಿ ಬಂದಿದ್ದಾನೆ.

ಅವರು ದನಿ ಏರಿಸಲಿಲ್ಲ. ಮಾರಾಟದ ಅರಿವೆ ಹೀಗೆ ಒಳಗೆ ಒಯ್ಯುವಂತಿಲ್ಲ. ಇಲ್ಲಿ ಇಟ್ಟು ಹೋಗಿ, ವಾಪಸು ಹೋಗುವಾಗ ತೆಗೆದುಕೊಳ್ಳಿ. ಇಲ್ಲವೇ ಈ ಬಾಗಿಲಿಂದಲೇ ಹಿಂದಿರುಗಿ. ನ್ಯಾಯವಾದ ಮಾತೇ. ಆದರೆ ನಮ್ಮ ವಾಪಸು ಪ್ರಯಾಣ ಈ ದಾರಿಯಿಂದ ಇರಲಿಲ್ಲ, ಗೋರಖಪುರದ ಕಡೆಯ ಇನ್ನೊಂದು ಗಡಿಯಿಂದ ಇತ್ತು. ಇಲ್ಲಿ ಇಟ್ಟರೆ ಬಿಟ್ಟ ಹಾಗೆಯೇ. ಅಷ್ಟರಲ್ಲಿ ಗಿರಿಜಾ ತನ್ನ ಖಣಗಳನ್ನು ಎರಡೂ ಕೈಯಿಂದ ಅಪ್ಪಿಕೊಂಡು ಮೇಜಿಗೆ ಅಂಟಿ ನಿಂತಿದ್ದಳು. ಉಡಿ ಬಿಟ್ಟು ಹೋದರೆ ನಮ್ಮವ್ವ ಉಳಿಯುವುದಿಲ್ಲ ಎಂದು ಅಳುತ್ತಿದ್ದಳು. ಅಳು ನೆಗಡಿಯ ಹಾಗೆ, ಸಾಲಿನುದ್ದಕ್ಕೂ ಹರಡಿತು. ಬೆಳಗಿನ ಚಹಾ ಇಲ್ಲ, ಮೀಯದೆ ಎಷ್ಟು ದಿನವಾಗಿತ್ತೋ, ಮೇಲೆ ಕಾದ ತಗಡು. ಕಠ್ಮಂಡುವಿನ ಬಸ್ಸು ಹೊರಡುವ ಹೊತ್ತು ಹತ್ತಿರವಾಗಿತ್ತು.

ನನಗೆ ಸಮಸ್ಯೆ ಬಹಳ ಸರಳವಾಗಿ ಕಂಡಿತು. ಅಕ್ಕೋರ ಹತ್ತಿರ ಹೋಗಿ, ಇಟ್ಟು ಹೋಗೋಣ, ಅರಿವೆಯ ತುಂಡಿಗಾಗಿ ಹಿಮಾಲಯ ಬಿಡುತ್ತಾರೆಯೇ ಎಂದು ಅಂಶಗಳನ್ನು ಬೆರಳು ಮಡಚಿ ವಿವರಿಸಿದೆ. ಅಕ್ಕೋರು ಒಂದು ಟ್ರಂಕಿನ ಮೇಲೆ ಕೂತಿದ್ದರು. ಅವರ ಕಾಲು ಬಾತು ಚಪ್ಪಲಿಯ ಪಟ್ಟಿ ಹೂತುಹೋಗಿತ್ತು. ಪೂರ್ತಿ ಕೇಳಿಸಿಕೊಂಡರು.

“ಆತು, ನೀ ಗೆದ್ದಿ,” ಅಂದರು. “ಇವರೆಲ್ಲಾರೂ ಬರಿ ಉಡಿಲೆ ಮನಿಗೆ ಹೋಗ್ತಾರ. ಅವರವ್ವಂದಿರು ಏನಂತ ತಿಳಕೋತಾರ ನಿನಗ ಗೊತ್ತೈತಿ. ಬರೋ ವರ್ಷ ನಿನ್ನ ತಂಗೀನ ನಿಮ್ಮವ್ವ ಕಳಸ್ತಾಳೇನು, ಅಷ್ಟ ಹೇಳು.”

ಮಡಚಿದ್ದ ಬೆರಳುಗಳನ್ನು ಬಿಚ್ಚಿದೆ. ನಮ್ಮವ್ವ ಕಳಿಸುವುದಿಲ್ಲ. ಗಿರಿಜಾಳ ಅವ್ವ ಹಿರಿಯರ ಕಟ್ಟೆಗೆ ಹೋಗಿ ಕೂಡುತ್ತಾಳೆ, ಅವಳ ಜೊತೆಗೆ ಇನ್ನಷ್ಟು ಜನ. ಅಲ್ಲಿಗೆ ಮುಗಿಯಿತು. ಸುಮಾ ಹಂಪಿಗೂ ಹೋಗುವುದಿಲ್ಲ.

“ಹಿಂದೀ ಪರೀಕ್ಷೆ ಪಾಸಾಗೀಯಲ್ಲ, ಹೋಗು,” ಅಂದರು ಅಕ್ಕೋರು. “ಈ ಸರ್ತಿ ನಿನಗ ವಿರೋಧದ ಚೀಟಿ ಬಂದೈತಿ ಅಂತ ತಿಳಕೊ.”

ಸಂಪ್ರದಾಯದ ಪರವಾಗಿ ಮಾತಾಡಲು, ಅದೂ ಹಿಂದಿಯಲ್ಲಿ, ಅದೂ ಸೋತರೆ ತಂಗಿಯ ಗತಿ ಏನು ಎಂದು ಗೊತ್ತಿದ್ದು, ನಾನು ಮೇಜಿನ ಮುಂದೆ ಹೋಗಿ ನಿಂತೆ. ನನ್ನ ಹಿಂದಿ ಪರೀಕ್ಷೆಯ ಹಿಂದಿ. ‘ಮಾನ್ಯ ಮಹೋದಯ’ ಎಂದು ಸುರು ಮಾಡಿದೆ. ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು, ಹೇಳು ಮಗಳೇ ಎಂದರು. ಅವರಿಗೂ ಆ ದಿನ ಬೇಸರವಾಗಿತ್ತು ಅನಿಸುತ್ತದೆ.

ಮೊದಲನೆಯ ಅಂಶ, ಮಾರುವ ಅರಿವೆ ಒಂದೇ ಬಗೆಯದು ಇರುತ್ತದೆ, ಇವು ಒಂದರ ಹಾಗೆ ಇನ್ನೊಂದಿಲ್ಲ ಎಂದೆ. ಜಾಣ ವ್ಯಾಪಾರಿ ಬೇಕೆಂದೇ ಬೆರೆಸಿ ತರುತ್ತಾನೆ ಎಂದರು. ವ್ಯಾಪಾರಿ ಅಕ್ಕಿ ಕೊಬ್ಬರಿ ಯಾಕೆ ತರುತ್ತಾನೆ ಎಂದೆ. ಊಟಕ್ಕೆ ಎಂದರು. ಇವನ್ನು ನಮ್ಮಲ್ಲಿ ಯಾರೂ ತೊಡುವುದೇ ಇಲ್ಲ, ಒಬ್ಬರಿಂದ ಒಬ್ಬರಿಗೆ ಸುಮ್ಮನೆ ಹೋಗುತ್ತವೆ, ಬೇಕಾದರೆ ಕೇಳಿ, ನಾನು ಪ್ರಯೋಗ ಮಾಡಿ ನೋಡಿದ್ದೇನೆ ಎಂದು ಕರಿ ದಾರದ ಕಥೆ ಹೇಳಿದೆ. ತೊಡದ ಅರಿವೆಯನ್ನು ಇಷ್ಟು ದೂರ ಯಾಕೆ ಹೊತ್ತು ತಂದಿರಿ ಎಂದು ಅವರು ಕೇಳಿದರು. ಅದು ನಾನೇ ಅಜ್ಜಿಯನ್ನು ಕೇಳಿದ ಪ್ರಶ್ನೆ. ತಾಲೂಕು ಮಟ್ಟದಲ್ಲಿ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ. ಹಿಂದೆ ಗಿರಿಜಾ ಮೂಗು ಏರಿಸುವ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಒಂದು ಟಾಂಗಾ ಬಂದು ನಿಂತಿತು. ಹಳದಿ ಸೀರೆಯ ಹೊಸ ಮದುಮಗಳು, ಮುಖದ ಮೇಲೆ ಸೆರಗು, ಜೊತೆಗೆ ಅವಳ ಅತ್ತೆ. ರಕ್ಸೌಲ್ ಕಡೆಯ ತವರಿನಿಂದ ಬೀರ್‌ಗಂಜ್ ಕಡೆಯ ಗಂಡನ ಮನೆಗೆ ಹೊರಟವರು. ತಪಾಸಣೆಯ ಪೇದೆಯೊಬ್ಬ ಅವರ ಪೆಟ್ಟಿಗೆ ತೆಗೆಸಿದ, ಬುಟ್ಟಿ ತೆಗೆಸಿದ, ಹಾಸಿಗೆಯ ಸುರುಳಿಯನ್ನೂ ಬಿಚ್ಚಿಸಿದ. ಹುಡುಗಿಯ ಸೆರಗಿನ ತುದಿಯಲ್ಲಿ ಸೊಂಟದ ಹತ್ತಿರ ದೊಡ್ಡದೊಂದು ಗಂಟಿತ್ತು. ಅದರ ಮೇಲೆ ಅವಳು ಕೈ ಇಟ್ಟುಕೊಂಡಿದ್ದಳು. ಗಂಟಿನ ಬಿಗಿತದಲ್ಲಿ ಅಕ್ಕಿಯ ಕಾಳಿನ ಉಬ್ಬು ಕಾಣುತ್ತಿತ್ತು, ಅರಿವೆಗೆ ಅರಿಶಿಣ ಹತ್ತಿತ್ತು. ಪೇದೆ ಅದನ್ನು ನೋಡಿದ, ಮುಖ ಬೇರೆ ಕಡೆ ತಿರುಗಿಸಿದ, ಹೋಗಿ ಎಂದು ಕೈ ಬೀಸಿದ.

ಚರ್ಚೆಯಲ್ಲಿ ಎದುರಾಳಿ ತನ್ನ ಮಾತನ್ನು ತಾನೇ ಮುರಿಯುವ ಕ್ಷಣ ಎಂದರೆ ಇದೇ.

ಮಹೋದಯ, ಆ ಗಂಟನ್ನು ಯಾಕೆ ಬಿಚ್ಚಿಸಲಿಲ್ಲ ಎಂದು ಕೇಳಿದೆ. ಅದನ್ನು ಬಿಚ್ಚಿಸುವುದಿಲ್ಲ ಎಂದರು ಅಧಿಕಾರಿ, ಇದೆಂಥ ಪ್ರಶ್ನೆ ಎಂಬಂತೆ. ಅದು ಖೋಯಿಂಛಾ. ಹೆಣ್ಣುಮಗಳು ಮನೆ ಬಿಟ್ಟು ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ ಅರಿಶಿಣ ಹಾಕಿ ಕಟ್ಟುತ್ತಾಳೆ. ಮುಟ್ಟುವ ಮನೆ ಮುಟ್ಟುವವರೆಗೆ ಅದನ್ನು ಬಿಚ್ಚಬಾರದು. ನನ್ನ ಮಗಳೂ ಹಾಗೆಯೇ ಹೋದಳು ಎಂದರು.

ನಾನು ಮೇಜಿನ ಮೇಲಿದ್ದ ನನ್ನ ಗಂಟನ್ನು, ಹೌದು, ಟ್ರಂಕಿನ ಹಿಂದೆ ಮರೆಮಾಡಿದ್ದ ಅದೇ ಗಂಟನ್ನು, ಅವರ ಮುಂದೆ ಸರಿಸಿದೆ. ಒಳಗಿನ ಅಕ್ಕಿ ತೋರಿಸಿದೆ, ಅರಿಶಿಣದ ಬೇರು ತೋರಿಸಿದೆ. ನಮ್ಮದನ್ನು ಬಿಚ್ಚಿಸಿದಿರಿ ಎಂದೆ. ಹೆಚ್ಚು ಹೇಳಲು ನನ್ನ ಹಿಂದಿ ಸಾಲಲಿಲ್ಲ.

ಅಧಿಕಾರಿ ಖಣಗಳ ಗುಡ್ಡವನ್ನು ನೋಡಿದರು, ಅಳುವ ಸಾಲನ್ನು ನೋಡಿದರು. ಮೇಜಿನ ಮೇಲೆ ಚೆಲ್ಲಿದ್ದ ಅಕ್ಕಿಯ ಕಾಳುಗಳನ್ನು ಬೆರಳಿಂದ ಒತ್ತಟ್ಟಿಗೆ ಕೂಡಿಸಿದರು. ಆದರೂ ಪಟ್ಟು ಬಿಡಲಿಲ್ಲ. ಆ ಹುಡುಗಿಗೆ ಒಂದು ಗಂಟು, ನಿಮಗೆ ಒಬ್ಬೊಬ್ಬರ ಗಂಟಿನಲ್ಲಿ ಇಷ್ಟು ಅರಿವೆ ಯಾಕೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಅದನ್ನು ಕನ್ನಡದಲ್ಲಿ ಅಕ್ಕೋರಿಗೆ ದಾಟಿಸಿದೆ. ಅಕ್ಕೋರು ಟ್ರಂಕಿನಿಂದ ಎದ್ದು ಬಂದರು.

“ಅಕೀಗೆ ಮುಟ್ಟೋ ಮನಿ ಯಾವದಂತ ಗೊತ್ತೈತಿ,” ಅಂದರು. “ನಮ್ಮ ಹುಡುಗ್ಯಾರಿಗೆ ಗೊತ್ತಿಲ್ಲಂತ ಹೇಳವಾ ಅವರಿಗೆ. ಅದಕ್ಕ ಎಲ್ಲಾರೂ ತುಂಬ್ಯಾರ.”

ಹೇಳಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು, ಅದೂ ನನ್ನದಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಂದೊಂದೇ ಗಂಟಿನ ಮೇಲಿನ ಅರಿವೆಯ ಅಂಚಿಗೆ ನೀಲಿ ಪೆನ್ಸಿಲ್ಲಿನಿಂದ ಗೀಟು ಎಳೆಯತೊಡಗಿದರು. ಹಾಗೆ ಗೀಟು ಎಳೆದರೆ ದಾಟಬಹುದು ಎಂದರ್ಥ.

ಮದುಮಗಳ ಅತ್ತೆ ಟಾಂಗಾ ಹತ್ತದೆ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಹತ್ತಿರ ಬಂದು, ಅಕ್ಕೋರ ಭಾಷೆ ತನಗೆ ಬರುವುದಿಲ್ಲ, ತನ್ನದು ಅವರಿಗೆ ಬರುವುದಿಲ್ಲ ಎಂಬುದನ್ನು ಲೆಕ್ಕಕ್ಕೇ ಹಿಡಿಯದೆ, ಒಂದು ಖಣವನ್ನು ಮುಟ್ಟಿ ಏನೋ ಕೇಳಿದಳು. ಅಕ್ಕೋರಿಗೆ ತಿಳಿಯಿತು. ಹೇಗೆ ತಿಳಿಯಿತು ಎಂದು ಕೇಳಬೇಡಿ, ಅದಕ್ಕೂ ಆಧಾರವಿಲ್ಲ. ತಮ್ಮ ಗಂಟಿನಿಂದ ನೇರಳೆ ಬಣ್ಣದ ಖಣವೊಂದನ್ನು ತೆಗೆದು, ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಸೇರಿಸಿ, ಆ ಹುಡುಗಿಯ ಸೆರಗು ಹಿಡಿಸಿ ಉಡಿ ತುಂಬಿದರು. ದಾರಿಯಲ್ಲಿ ಬಿಟ್ಟು ಹೋಗುವುದು ಬೇರೆ, ಇನ್ನೊಬ್ಬಳ ಉಡಿ ತುಂಬುವುದು ಬೇರೆ. ಹುಡುಗಿ ಮುಖದ ಸೆರಗು ಸರಿಸಿ ನಮ್ಮ ಕಡೆ ನೋಡಿದಳು. ನಮ್ಮ ವಯಸ್ಸಿನವಳೇ. ನಮ್ಮ ಎರಡು ಜಡೆಗಳನ್ನೂ ಸೀಟಿ ಹಿಡಿದ ಮಾಸ್ತರನ್ನೂ ಬಹಳ ಹೊತ್ತು ನೋಡಿದಳು. ಟಾಂಗಾ ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಮುಖ ಈ ಕಡೆಯೇ ಇತ್ತು.

ಅಷ್ಟೆಲ್ಲ ಆಗುವ ಹೊತ್ತಿಗೆ ಕಠ್ಮಂಡುವಿನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಇನ್ನೊಂದು ಬಸ್ಸು ಮರುದಿನ ಬೆಳಿಗ್ಗೆಗೇ. ನಾವು ಬೀರ್‌ಗಂಜಿನ ಒಂದು ಧರ್ಮಶಾಲೆಯಲ್ಲಿ ಟ್ರಂಕು ಇಳಿಸಿದೆವು. ಪರದೇಶದ ನಮ್ಮ ಮೊದಲ ದಿನದ ಒಟ್ಟು ಪ್ರಯಾಣ ಗದಗ ಸ್ಟೇಷನ್ನಿನಿಂದ ಬೆಟಗೇರಿಯ ಪೇಟೆಗೆ ಹೋದಷ್ಟು. ಆದರೆ ದಣಿವು ನಾವು ಹಿಮಾಲಯವನ್ನೇ ಬೆನ್ನ ಮೇಲೆ ಹೊತ್ತು ತಂದಷ್ಟು. ಹುಡುಗಿಯರು ಬಾವಿಯ ಕಟ್ಟೆಯ ಸುತ್ತ ನಿಂತು ತಲೆಯ ಮೇಲೆ ನೀರು ಸುರಿದುಕೊಂಡರು. ನಾಲ್ಕು ದೇಶದ ಧೂಳು ಹೋಯಿತು ಎಂದು ಒಬ್ಬಳು ಹೇಳಿದಳು. ಎರಡೇ ದೇಶ ಎಂದು ತಿದ್ದಲು ನನಗೆ ತ್ರಾಣವಿರಲಿಲ್ಲ.

ಆಮೇಲೆ ಎಲ್ಲರ ಉಡಿಯ ಅಕ್ಕಿ ಒಂದೇ ಪಾತ್ರೆಗೆ ಬಿತ್ತು. ಮುಟ್ಟಿದ ಊರು ಇದೇ ಎಂದು ಅಕ್ಕೋರು ತೀರ್ಮಾನ ಕೊಟ್ಟರು. ಮನೆಮನೆಯ ಅಕ್ಕಿ ಬೇರೆ ಬೇರೆ. ಕೆಲವು ಹಳೆಯದು, ಕೆಲವು ಹೊಸದು, ಕೆಲವು ಕೆಂಪು ಗೀರಿನ ದಪ್ಪ ಅಕ್ಕಿ. ಹೀಗಾಗಿ ಅರ್ಧ ಅನ್ನ ಮುದ್ದೆಯಾಯಿತು, ಅರ್ಧ ಕಾಳಾಗಿ ಉಳಿಯಿತು. ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ, ಕಲಸಿಕೊಂಡು ಉಂಡೆವು. ಇದರಾಗ ನಮ್ಮ ಮನಿ ಅಕ್ಕಿ ಯಾವುದು ಅಂತ ನನಗ ಗೊತ್ತು, ಗಟ್ಟಿ ಇರೂವೆಲ್ಲಾ ನಿಮ್ಮವು ಎಂದು ಗಿರಿಜಾ ನನ್ನನ್ನು ಚುಚ್ಚಿದಳು. ಬೆಳಿಗ್ಗೆ ಅವ್ವ ಸಾಯುತ್ತಾಳೆ ಎಂದು ಅತ್ತವಳು ಇವಳೇನಾ ಎನ್ನುವ ಹಾಗೆ ಎರಡು ಸಲ ಬಡಿಸಿಕೊಂಡಳು. ಕೈ ತೊಳೆದದ್ದೇ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋದಳು.

ದೀಪ ಹಚ್ಚುವ ಹೊತ್ತು. ಮಾಸ್ತರು ನಾಳಿನ ಬಸ್ಸು ಗೊತ್ತು ಮಾಡಲು ಹೋಗಿದ್ದರು. ಅಕ್ಕೋರು ಧರ್ಮಶಾಲೆಯ ಮೆಟ್ಟಿಲ ಮೇಲೆ ಕೂತು ಬಾತ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದರು. ನಾನು ಪಕ್ಕದಲ್ಲಿ ಕೂತೆ. ಬೆಳಗಿನ ನನ್ನ ವಾದದ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ಸ್ವಲ್ಪ ಹೊತ್ತು ಕಾದೆ. ಅವರಿಗೆ ಅದು ನೆನಪೇ ಇದ್ದಂತಿರಲಿಲ್ಲ.

“ನಿನ್ನ ತಂಗಿ ಪಾಳಿಗೆ ಸಿಲೋನ್ ಅಂತ ಮನಸಿನಾಗ ಇಟ್ಕೊಂಡೇನಿ,” ಅಂದರು. “ಹಡಗದಾಗ ಹೋಗೂದು.”

“ಅಕ್ಕೋರ, ಈ ದೇಶದಾಗ ನಾವಿನ್ನೂ ಒಂದ ಟಾಂಗಾ ದಾರಿ ಬಂದೇವಿ. ಒಂದ ಗುಡ್ಡಾನೂ ನೋಡಿಲ್ಲ.”

“ಹೂಂ. ಏನ್ ತಕರಾರ ಅದಾವ ಹೇಳು, ಕೇಳೂಣು.”

ತಕರಾರಿಗೆ ನನ್ನಲ್ಲಿ ಕೊರತೆಯೇ? ಸುರು ಮಾಡಿದೆ. ಮೊದಲನೆಯದಾಗಿ ಸಮುದ್ರ, ನಮ್ಮೂರಿನವರಿಗೆ ಕೆರೆ ಕಂಡರೇ ಅಂಜಿಕೆ. ಎರಡನೆಯದಾಗಿ ಪಾಸ್‌ಪೋರ್ಟು, ಅದನ್ನು ಹಿರಿಯರ ಕಟ್ಟೆಯ ಮೇಲೆ ಕೂತು ವಿವರಿಸುವವರು ಯಾರು? ಸುಮಾಳಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ, ಇನ್ನು ಹಡಗು. ಅಕ್ಕೋರು ಹೂಂ ಹೂಂ ಎನ್ನುತ್ತಿದ್ದರು. ಹೂಂ ಎನ್ನುವುದು ನಿಧಾನವಾಯಿತು, ಆಮೇಲೆ ನಿಂತಿತು. ತಿರುಗಿ ನೋಡಿದರೆ ಕಂಬಕ್ಕೆ ತಲೆ ಆನಿಸಿ, ಕಾಲು ಬಕೆಟ್ಟಿನಲ್ಲಿ ಇದ್ದಂತೆಯೇ ನಿದ್ದೆ ಹೋಗಿದ್ದರು.

ನನ್ನ ಭಾಷಣದ ನಡುವೆ ನಿದ್ದೆ ಮಾಡಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ, ದನಿಯನ್ನಷ್ಟೇ ತಗ್ಗಿಸಿದೆ. ನನ್ನ ತಕರಾರುಗಳನ್ನು ಒಂದೊಂದಾಗಿ ನಾನೇ ಖಂಡಿಸಿದೆ, ಮಾತಿನಲ್ಲೇ ಹಿರಿಯರನ್ನು ಒಪ್ಪಿಸಿದೆ, ಸುಮಾಳ ಬಾಯಿಗೆ ಒಂದು ಲಿಂಬಿಹಣ್ಣು ಕೊಟ್ಟು ಅವಳನ್ನು ಹಡಗು ಹತ್ತಿಸಿದೆ.